ಲೋಹಾರ್ ಚಾಳಿನ ಪುಸ್ತಕಗಳು

ಮುಂಬಯಿಯ ಕ್ರಾಫರ್ಡ್ ಮಾರುಕಟ್ಟೆಯ ಬಳಿಯ ಲೋಹಾರ್ ಚಾಳ್ ವಿದ್ಯುತ್ ಸಾಮಾನುಗಳ ಪೇಟೆ. ಕೋಟೆ ಪ್ರದೇಶದ ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಓದಿದ ನಮ್ಮ ಹಿರಿಯರಿಗೆ ಇಂಥ ಗಲ್ಲಿಗಳ ಬದುಕು ಅಪರಿಚಿತವಲ್ಲ. ಈ ಪೇಟೆಯ ನಡುವೆಯೇ ನಳಿನಿ ಮಲಾನಿ ಬಹುಕಾಲ ತಮ್ಮ ಕಲಾಶಾಲೆಯನ್ನು ಇಟ್ಟುಕೊಂಡಿದ್ದರು.

ಅವರು 1946ರಲ್ಲಿ ಕರಾಚಿಯಲ್ಲಿ ಜನಿಸಿದರು. ದೇಶವಿಭಜನೆಯಿಂದ ಮನೆ ಕಳೆದುಕೊಂಡ ಕುಟುಂಬ ಕಲ್ಕತ್ತೆಗೆ ಬಂದು, ಅನಂತರ ಮುಂಬಯಿ ಸೇರಿತು. ಮಲಾನಿ 1969ರಲ್ಲಿ ಜೆ.ಜೆ. ಕಲಾಶಾಲೆಯ ಶಿಕ್ಷಣ ಮುಗಿಸಿದರು. ಮನೆಯವರ ಮಾತಿನಲ್ಲಿ ಕೇಳಿದ ವಿಭಜನೆಯೂ ಹೆಣ್ಣಿನ ಮೈಮೇಲೆ ನಡೆಯುವ ಹಿಂಸೆಯೂ ಅವರ ಕೃತಿಗಳಲ್ಲಿ ಬೇರೆಬೇರೆ ವಿಷಯಗಳಾಗಿ ಉಳಿಯಲಿಲ್ಲ.

1990ರ ದಶಕದ ಆರಂಭದಲ್ಲಿ ಅವರು ಕಲಾವಿದರ ಪುಸ್ತಕವೆಂಬ ಪ್ರಕಾರವನ್ನು ಕೈಗೆತ್ತಿಕೊಂಡರು. ಕಲಾವಿದರ ಪುಸ್ತಕವೆಂದರೆ ಚಿತ್ರಗಳ ಸಂಪುಟವಲ್ಲ, ಪುಸ್ತಕವೇ ಕೃತಿ. ಏಕಮುದ್ರಣದ ಚಿತ್ರವನ್ನು ಜೆರಾಕ್ಸ್ ಯಂತ್ರಕ್ಕೆ ಕೊಟ್ಟು, ಆ ಪ್ರತಿಗಳ ಮೇಲೆ ಮತ್ತೆ ಕೈಯಿಂದ ಶಾಯಿ, ಬಣ್ಣ ಹಚ್ಚುವುದು ಅವರ ಕ್ರಮ. ಲೋಹಾರ್ ಚಾಳಿನ ಬೀದಿಯ ಜನರು ಹೀಗೆ ಪುಟದಿಂದ ಪುಟಕ್ಕೆ ಮರುಕಳಿಸಿದರು. 1991ರ ‘ಡೆಗಾ ಸೂಟ್’ ಫ್ರೆಂಚ್ ಕಲಾವಿದ ಡೆಗಾ ನೋಡಿದ ಹೆಣ್ಣುಮಕ್ಕಳನ್ನು ಒಬ್ಬ ಹೆಣ್ಣು ಮತ್ತೆ ನೋಡಿದ ಕೃತಿ. ಅಗ್ಗದ ಕಚೇರಿ ಯಂತ್ರವೊಂದು ಕಲೆಯ ಸಾಧನವಾದದ್ದು ಇಲ್ಲಿ ಗಮನಾರ್ಹ: ಪ್ರತಿ ತೆಗೆದಷ್ಟೂ ಗೆರೆ ಮಸುಕಾಗುತ್ತದೆ, ಆದರೆ ಆಕೃತಿ ಅಳಿಯುವುದಿಲ್ಲ. 1992ರಲ್ಲಿ ಗ್ಯಾಲರಿ ಕೆಮೋಲ್ಡ್‌ನ ಗೋಡೆಗಳ ಮೇಲೆ ಅವರು ಬರೆದ ‘ಸಿಟಿ ಆಫ್ ಡಿಸೈರ್ಸ್’ ಪ್ರದರ್ಶನ ಮುಗಿದೊಡನೆ ಸುಣ್ಣದಡಿ ಮರೆಯಾಯಿತು. ಪುಸ್ತಕಗಳು ಉಳಿದವು.

ಆ ವರ್ಷದ ಡಿಸೆಂಬರ್ 6ರಂದು ಬಾಬರಿ ಮಸೀದಿ ಉರುಳಿತು. ಡಿಸೆಂಬರ್ ಹಾಗೂ ಜನವರಿಯ ಗಲಭೆಗಳಲ್ಲಿ ಮುಂಬಯಿಯಲ್ಲಿ 900 ಮಂದಿ ಸತ್ತರೆಂದು ಶ್ರೀಕೃಷ್ಣ ಆಯೋಗ ಲೆಕ್ಕಹಾಕಿತು. 575 ಮುಸ್ಲಿಮರು, 275 ಹಿಂದೂಗಳು, ಉಳಿದವರಲ್ಲಿ 45 ಮಂದಿಯ ಗುರುತೇ ಸಿಗಲಿಲ್ಲ. ಬೆಂಗಳೂರಿನಲ್ಲಿ 1952ರಲ್ಲಿ ಜನಿಸಿದ ಕಲಾವಿದೆ ರುಮ್ಮಾನಾ ಹುಸೇನ್ ಆ ದಿನಗಳಲ್ಲಿ ಮುಂಬಯಿಯ ತಮ್ಮ ಮನೆಯನ್ನು ಕೆಲಕಾಲ ತೊರೆಯಬೇಕಾಯಿತು. ಅನಂತರ ಅವರು ಕ್ಯಾನ್ವಾಸಿನ ವರ್ಣಚಿತ್ರವನ್ನು ಬಿಟ್ಟು ಒಡೆದ ಮಡಕೆ, ಕನ್ನಡಿ, ಛಾಯಾಚಿತ್ರಗಳತ್ತ ಹೊರಳಿದರು. 1996ರ ‘ಹೋಮ್/ನೇಷನ್’ ಕೃತಿಯಲ್ಲಿ ಕಟ್ಟಡದ ಕಮಾನೂ ತೆರೆದ ಬಾಯಿಯೂ ಎದುರುಬದುರಾದವು. ಅದು ಬೈಂಡು ಮಾಡಿದ ಪುಸ್ತಕವಲ್ಲ. ಆದರೂ ಚಿತ್ರ, ಬರಹ, ಮನೆಬಳಕೆಯ ವಸ್ತುಗಳನ್ನು ಒಂದೊಂದಾಗಿ ಓದಿಕೊಂಡು ಸಾಗಬೇಕಾದ ಕೋಣೆ. ಕ್ಯಾನ್ಸರಿಗೆ ತುತ್ತಾಗಿ 1999ರಲ್ಲಿ ಅವರು ತೀರಿಕೊಂಡರು.

ಆಯೋಗದ ವರದಿ ಅಗತ್ಯ. ಅದು ಸತ್ತವರನ್ನು ಎಣಿಸುತ್ತದೆ, ಹೊಣೆಯನ್ನು ಗುರುತಿಸುತ್ತದೆ. ಮನೆ ಬಿಟ್ಟುಹೋದವರ ಭಯಕ್ಕೆ ಅದರಲ್ಲಿ ಅಂಕಣವಿಲ್ಲ. ಕಲಾವಿದರ ಪುಸ್ತಕ ಸಾವಿರಾರು ಜನರನ್ನು ತಲುಪುವುದಿಲ್ಲ. ಒಂದು ಸಲಕ್ಕೆ ಒಬ್ಬರೇ ಅದನ್ನು ಕೈಯಲ್ಲಿ ಹಿಡಿಯಬಲ್ಲರು. ಆ ಒಬ್ಬರು ಪುಟ ತಿರುಗಿಸುವಾಗ, ಹಿಂದಿನ ಪುಟದಲ್ಲಿ ಕಂಡ ಮುಖ ಮುಂದಿನದರಲ್ಲೂ ಕಾಣುತ್ತದೆ. ಈ ನಗರದ ಇತಿಹಾಸ ಬರೆಯುವ ಕನ್ನಡಿಗರು ವರದಿಗಳ ಜೊತೆಗೆ ಇಂಥ ಕೃತಿಗಳನ್ನೂ ಆಕರವೆಂದು ಪರಿಗಣಿಸಬೇಕು.