‘ಪರೈಯಾ’: ಇಂಗ್ಲಿಷಿಗೆ ಹೋದ ಒಂದು ಹೆಸರಿನ ಚರಿತ್ರೆ

ಅಂತರರಾಷ್ಟ್ರೀಯ ನಿಯಮಗಳನ್ನು ಮೀರಿದ ರಾಷ್ಟ್ರವನ್ನು ಇಂಗ್ಲಿಷ್ ಪತ್ರಿಕೆಗಳು ‘ಪರೈಯಾ’ ರಾಷ್ಟ್ರವೆನ್ನುತ್ತವೆ. ಬೀದಿನಾಯಿಗೂ ಹದ್ದಿಗೂ ಆಂಗ್ಲೋ-ಇಂಡಿಯನ್ನರು ಇದೇ ವಿಶೇಷಣವನ್ನು ಅಂಟಿಸಿದ್ದರು. ‘ಬಹಿಷ್ಕೃತ’ ಎಂಬ ಅರ್ಥದಲ್ಲಿ ನಿರಾಯಾಸವಾಗಿ ಬಳಕೆಯಾಗುವ ಈ ಪದ ತಮಿಳು ನಾಡಿನ ಒಂದು ದೊಡ್ಡ ಸಮುದಾಯದ ಹೆಸರು ಎಂಬುದು ಬಳಸುವವರ ನೆನಪಿನಲ್ಲಿ ಉಳಿದಿಲ್ಲ.

ತಮಿಳಿನ ‘ಪರೈ’ ಎಂದರೆ ಚರ್ಮವಾದ್ಯ. ಹಳಗನ್ನಡದ ‘ಪಱೆ’, ಅನಂತರದ ‘ಹರೆ’ ಅದರ ಸೋದರ ರೂಪಗಳು. ಅದನ್ನು ಬಾರಿಸುವವರು ಪರೈಯರ್ ಎಂಬುದು ಹೆಚ್ಚಿನ ವಿದ್ವಾಂಸರು ಒಪ್ಪಿದ ನಿಷ್ಪತ್ತಿ. ‘ಪಹಾಡಿಯಾ’ದಿಂದ ಬಂದಿತೆಂಬ ಗುಸ್ಟಾವ್ ಆಪರ್ಟ್‌ನ ವಾದಕ್ಕೆ ಬಲವಿಲ್ಲ. ಪೋರ್ಚುಗೀಸನಾದ ದುವಾರ್ತೆ ಬಾರ್ಬೋಸಾ 1516ರ ಸುಮಾರಿಗೆ ಮಲಬಾರಿನ ವರ್ಣನೆಯಲ್ಲಿ ಈ ಹೆಸರನ್ನು ದಾಖಲಿಸಿದ. ಇಂಗ್ಲಿಷಿನಲ್ಲಿ ಅದು 1613ರ ಪರ್ಚಾಸನ ಗ್ರಂಥದಲ್ಲಿ ಕಾಣಿಸುತ್ತದೆ. ಯೂರೋಪಿಯನ್ನರು ಇದನ್ನು ಕಟ್ಟಕಡೆಯ ಜಾತಿಗೆ, ಜಾತಿಯೇ ಇಲ್ಲದವರಿಗೆ ಅನ್ವಯಿಸಿದ್ದು ತಪ್ಪೆಂದು 1886ರ ‘ಹಾಬ್ಸನ್-ಜಾಬ್ಸನ್’ ಕೋಶವೇ ತಿದ್ದಿತು. ತಿದ್ದುಪಡಿ ಬರುವ ಹೊತ್ತಿಗೆ ತಡವಾಗಿತ್ತು.

ಏಕೆಂದರೆ ಅಷ್ಟರಲ್ಲಿ ಸಾಹಿತ್ಯ ತನ್ನ ಕೆಲಸ ಮುಗಿಸಿತ್ತು. ಬರ್ನಾರ್ದಾಂ ದ ಸಾಂ-ಪಿಯೇರ್ 1791ರಲ್ಲಿ ಪ್ರಕಟಿಸಿದ ಫ್ರೆಂಚ್ ಕಥೆ ‘ಭಾರತೀಯ ಗುಡಿಸಲು’ವಿನಲ್ಲಿ ಸತ್ಯವನ್ನು ಅರಸಿ ಹೊರಟ ಇಂಗ್ಲಿಷ್ ವಿದ್ವಾಂಸನಿಗೆ ಅದು ದೊರೆಯುವುದು ಜಗನ್ನಾಥದ ಬ್ರಾಹ್ಮಣರಲ್ಲಿ ಅಲ್ಲ, ಬಿರುಗಾಳಿಯಿಂದ ಆಶ್ರಯವಿತ್ತ ಒಬ್ಬ ಪರೈಯನಲ್ಲಿ. ಆತ ಬ್ರಾಹ್ಮಣ ವಿಧವೆಯನ್ನು ಕೈಹಿಡಿದು ಕಾಡಿನಲ್ಲಿ ನೆಮ್ಮದಿಯಿಂದಿದ್ದಾನೆ. ಕಥೆ ಸಹಾನುಭೂತಿಯಿಂದಲೇ ಹುಟ್ಟಿದ್ದು. ಆದರೆ ಆ ಗುಡಿಸಲಿನ ಸುತ್ತ ಚೇರಿಯಿಲ್ಲ, ಒಡೆಯನ ಗದ್ದೆಯಿಲ್ಲ, ಪರೆಯ ಸದ್ದೂ ಇಲ್ಲ. ಸಮುದಾಯವೊಂದು ಇಲ್ಲಿ ಏಕಾಂತವಾಸಿಯಾದ ಜ್ಞಾನಿಯಾಗಿ ಮಾರ್ಪಟ್ಟಿತು. ದೆಲವಿನ್ಯ 1821ರಲ್ಲಿ ಇದೇ ಹೆಸರಿನ ನಾಟಕ ಬರೆದ. ಫ್ಲೋರಾ ತ್ರಿಸ್ತಾಂ 1838ರಲ್ಲಿ ತನ್ನನ್ನೇ ಹಾಗೆ ಕರೆದುಕೊಂಡಳು. ಮುಂದೆ ಮ್ಯಾಕ್ಸ್ ವೇಬರ್, 1944ರಲ್ಲಿ ಹಾನಾ ಆರೆಂಟ್ ಯೆಹೂದ್ಯರ ಸ್ಥಿತಿಯನ್ನು ವಿವರಿಸಲು ಇದನ್ನೇ ಪರಿಭಾಷೆಯಾಗಿಸಿದರು.

ಹೊರದೂಡಲ್ಪಟ್ಟವನೆಂಬ ಈ ಚಿತ್ರ ವಾಸ್ತವವನ್ನು ತಲೆಕೆಳಗು ಮಾಡುತ್ತದೆ. ಚೆಂಗಲ್ಪಟ್ಟಿನ ಕಲೆಕ್ಟರ್ ಟ್ರೆಮೆನ್‌ಹೀರ್ 1891ರಲ್ಲಿ ಬರೆದ ಟಿಪ್ಪಣಿಯಲ್ಲಿರುವ ಪರೈಯರು ಸಮಾಜದ ಹೊರಗಿದ್ದವರಲ್ಲ. ಭೂಮಿಯ ಹಕ್ಕಿಲ್ಲದೆ, ಸಾಲದಿಂದ ಒಡೆಯನ ಹೊಲಕ್ಕೆ ಬಿಗಿಯಲ್ಪಟ್ಟವರು. ಅವರಿಗೆ ಸರ್ಕಾರಿ ಜಮೀನು ನೀಡುವ ಆದೇಶ 1892ರಲ್ಲಿ ಹೊರಟಿತು. ಕೇರಿ ದೂರವಿತ್ತು, ದುಡಿಮೆ ದೂರವಿರಲಿಲ್ಲ.

ಯೂರೋಪಿನ ಲೇಖಕರು ಈ ಹೆಸರನ್ನು ಒಲಿದು ಧರಿಸುತ್ತಿದ್ದ ಶತಮಾನದಲ್ಲೇ ಅದನ್ನು ಹೊತ್ತವರು ಅದರೊಡನೆ ಸೆಣಸುತ್ತಿದ್ದರು. 1891ರಲ್ಲಿ ನೀಲಗಿರಿಯಲ್ಲಿ ದ್ರಾವಿಡ ಮಹಾಜನ ಸಭೆಯನ್ನು ಸಂಘಟಿಸಿದ ಅಯೋತಿದಾಸ ಪಂಡಿತರು ಹೆಸರನ್ನೇ ನಿರಾಕರಿಸಿ, ತಮ್ಮವರು ಜಾತಿಭೇದವಿಲ್ಲದ ಮೂಲ ದ್ರಾವಿಡರೆಂದರು. ಅವರ ಬಂಧು ರೆಟ್ಟಮಲೈ ಶ್ರೀನಿವಾಸನ್ ವಿರುದ್ಧ ದಾರಿ ಹಿಡಿದು, 1893ರಲ್ಲಿ ತಮ್ಮ ಪತ್ರಿಕೆಗೆ ‘ಪರೈಯನ್’ ಎಂದೇ ಹೆಸರಿಟ್ಟರು. ಅವಮಾನದ ಪದವನ್ನು ತಾವೇ ಉಚ್ಚರಿಸಿದರೆ ಅದರ ಮೊನೆ ಮುರಿಯುವುದೆಂಬ ಶ್ರೀನಿವಾಸನ್ನರ ತರ್ಕವೇ ಹೆಚ್ಚು ಧೀರವಾದುದು.

ಎಂ.ಸಿ. ರಾಜಾ ಅವರ ಒತ್ತಾಯದಿಂದ ಮದರಾಸು ಸರ್ಕಾರ 1922ರಲ್ಲಿ ‘ಆದಿ ದ್ರಾವಿಡ’, ‘ಆದಿ ಆಂಧ್ರ’ ಎಂಬ ಹೆಸರುಗಳನ್ನು ಅಂಗೀಕರಿಸಿತು. ಕಾಸರಗೋಡು, ನೀಲಗಿರಿ, ಹೊಸೂರು, ಆದವಾನಿಗಳೆಲ್ಲ ಆಗ ಅದೇ ಆಡಳಿತದಲ್ಲಿದ್ದವು. ಇಂದಿಗೂ ಕೇರಳ ಹಾಗೂ ತಮಿಳುನಾಡಿನ ಪರಿಶಿಷ್ಟ ಜಾತಿಗಳ ಪಟ್ಟಿಗಳು ಆದಿ ಆಂಧ್ರ, ಆದಿ ದ್ರಾವಿಡ, ಆದಿ ಕರ್ನಾಟಕ ಎಂಬ ಮೂರು ಹೆಸರುಗಳಿಂದಲೇ ಆರಂಭವಾಗುತ್ತವೆ. ತಮಿಳುನಾಡಿನ ಪಟ್ಟಿಯಲ್ಲಿ ಕೆಳಗೆ ‘ಪರೈಯನ್’ ಕೂಡ ಉಳಿದಿದೆ.