ಎತ್ತರ, ಮಳೆ, ಉಸಿರು: ಮಲೆನಾಡಿನ ಕೊನೆಗಾರಿಕೆ ಮತ್ತು ಒತ್ತಡ ನಿರ್ವಹಣೆಯ ತರಬೇತಿ

ವಿಪರೀತ ಪರಿಸರದಲ್ಲಿ ಮನಸ್ಸು ಮತ್ತು ದೇಹವನ್ನು ಹದದಲ್ಲಿಟ್ಟುಕೊಳ್ಳುವ ತರಬೇತಿಯ ಮಾತು ಬಂದಾಗ ಸಂಶೋಧಕರ ಗಮನ ಹಿಮನದಿ, ಯುದ್ಧಭೂಮಿ, ಬಾಹ್ಯಾಕಾಶಗಳತ್ತ ಹೋಗುತ್ತದೆ. 1984ರಲ್ಲಿ ರಾಕೇಶ್ ಶರ್ಮಾ ಸಲ್ಯೂತ್-7 ನಿಲ್ದಾಣದಲ್ಲಿ ಯೋಗಾಭ್ಯಾಸ ಮಾಡಿದ್ದು ಇಂದಿಗೂ ಉಲ್ಲೇಖಗೊಳ್ಳುತ್ತದೆ. ಆದರೆ ಎತ್ತರ, ಜಾರಿಕೆ, ನಂಬಲಾಗದ ಹವೆ, ಒಂದು ತಪ್ಪಿಗೂ ಎಡೆಯಿಲ್ಲದ ಸ್ಥಿತಿ ಇವೇ ವೈಪರೀತ್ಯದ ಲಕ್ಷಣಗಳಾದರೆ ಅವೆಲ್ಲ ಒಟ್ಟಿಗೆ ಸಿಗುವ ಜಾಗ ನಮ್ಮ ಅಡಿಕೆ ತೋಟದಲ್ಲೇ ಇದೆ. ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆ ಮಳೆಗಾಲದಲ್ಲಿ ಪತ್ರಿಕೆಗಳ ಮಳೆ ಪ್ರಮಾಣದ ವರದಿಗಳಲ್ಲಿ ಮಾಣಿ, ಹುಲಿಕಲ್, ಯಡೂರು, ಚಕ್ರಾ, ಸಾವೆಹಕ್ಲುಗಳ ಸಾಲಿನಲ್ಲಿ ಪ್ರತಿದಿನವೂ ಕಾಣಿಸುವ ಹೆಸರು. ಈ ಸೀಮೆಯಿಂದ ಸಾಗರ, ತೀರ್ಥಹಳ್ಳಿಗಳವರೆಗಿನ ತೋಟಗಳಲ್ಲಿ ಮರ ಹತ್ತುವ ಕೊನೆಗಾರನ ಕೆಲಸವನ್ನು ಆಧಾರವಾಗಿಟ್ಟುಕೊಂಡು ಈ ಲೇಖನ ಒಂದು ವಾದವನ್ನು ಮಂಡಿಸುತ್ತದೆ: ಒತ್ತಡ ನಿರ್ವಹಣೆಯ ತರಬೇತಿ ಕೆಲಸದ ಒಳಗೇ ಹೆಣೆದುಕೊಂಡಿದ್ದರೆ, ಕೆಲಸ ಬೇಡವೆನ್ನುವ ಅಧಿಕಾರವೂ ಅದರ ಜೊತೆಗಿದ್ದರೆ ಮಾತ್ರ ಅದಕ್ಕೆ ಬೆಲೆ.

ಮೊದಲು ಕೆಲಸದ ಸ್ವರೂಪ ನೋಡಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಪದ್ಧತಿಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಕಳೆದ ಶತಮಾನದ ಆರಂಭದಲ್ಲಿ ವೈಜ್ಞಾನಿಕ ತಳಹದಿ ಹಾಕಿದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೊದಲ ಸಿಂಪರಣೆ ಮುಂಗಾರು ಹಿಡಿಯುವ ಹೊತ್ತಿಗೆ, ಎರಡನೆಯದು ಸುಮಾರು 40–45 ದಿನಗಳ ನಂತರ. ಮಳೆ ಬಿಡದಿದ್ದರೆ ಮೂರನೆಯದು. ಅಂದರೆ ಎರಡನೆಯ ಔಷಧಿ ಹೊಡೆಯುವ ಕೆಲಸ ಮಳೆ ಜೋರಾಗಿರುವ ದಿನಗಳಿಗೇ ಬಂದು ಬೀಳುತ್ತದೆ. ಕೊನೆಗಾರ ಕಾಲಿಗೆ ತಳೆ ಹಾಕಿ, ಪಾಚಿಗಟ್ಟಿದ ಮರವನ್ನು ತಬ್ಬಿ ಏರುತ್ತಾನೆ. ತುದಿಯಲ್ಲಿ ಒಂದು ಕೈ ಮರಕ್ಕೆ, ಇನ್ನೊಂದು ಕೈ ಸಿಂಪರಣೆಗೆ. ಸುಮಾರು ಒಂಬತ್ತು ಅಡಿ ಅಂತರದ ಪಕ್ಕದ ಮರವನ್ನು ಎಳೆದುಕೊಂಡು, ಕೆಳಗಿಳಿಯದೆ ಅದಕ್ಕೆ ದಾಟುತ್ತಾನೆ. ಆ ಕ್ಷಣದಲ್ಲಿ ಎರಡು ಮರಗಳೂ ಓಲಾಡುತ್ತಿರುತ್ತವೆ. ಇದಕ್ಕೆ ಸೇರುವುದು ಕಾಲದ ಒತ್ತಡ. ಮಳೆ ಹೊಳವಾಗುವುದೇ ಕೆಲವು ಗಂಟೆ. ಅಷ್ಟರಲ್ಲಿ ಊರಿನ ತೋಟಗಳಿಗೆಲ್ಲ ಅದೇ ಕೊನೆಗಾರ ಬೇಕು. ಹೀಗಾಗಿ ಇಲ್ಲಿನ ಒತ್ತಡಕ್ಕೆ ಎತ್ತರ ಎಷ್ಟು ಕಾರಣವೋ ಅವಸರವೂ ಅಷ್ಟೇ ಕಾರಣ.

ಇಂಥ ಸ್ಥಿತಿಯಲ್ಲಿ ದೇಹದಲ್ಲಿ ನಡೆಯುವುದೇನು ಎಂಬುದು ತಕ್ಕಮಟ್ಟಿಗೆ ತಿಳಿದಿದೆ. ಭಯದಲ್ಲಿ ಸ್ನಾಯುಗಳು ಬಿಗಿಯುತ್ತವೆ, ಉಸಿರು ಮೇಲುಮೇಲಕ್ಕಾಗುತ್ತದೆ, ಗಮನ ಒಂದೇ ಬಿಂದುವಿಗೆ ಕುಗ್ಗುತ್ತದೆ. ಓಲಾಡುವ ಮರದಲ್ಲಿ ಬಿಗಿದ ದೇಹ ಬೇಗ ದಣಿಯುತ್ತದೆ. ಕುಗ್ಗಿದ ಗಮನ ಕೈ ಹಿಡಿತವನ್ನು ನೋಡುತ್ತ ಕಾಲಿನ ತಳೆ ಸಡಿಲಾಗಿದ್ದನ್ನು ಮರೆಯುತ್ತದೆ. ಉಸಿರಾಟ ನಮ್ಮ ಇಚ್ಛೆಗೆ ಸಿಗುವ ಹಿಡಿಕೆ. ಲೂಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಪಮಾಲೆಯ ಪ್ರಾರ್ಥನೆ, ಯೋಗಮಂತ್ರ ಎರಡೂ ಉಸಿರನ್ನು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಸಿದವು. ರಕ್ತದೊತ್ತಡದ ಏರಿಳಿತಕ್ಕೆ ಹೃದಯ ಸ್ಪಂದಿಸುವ ಚುರುಕು ಹೆಚ್ಚಿತು. ಆದರೆ ಇದು ನೆಲದ ಮೇಲೆ ಶಾಂತವಾಗಿದ್ದವರ ಮೇಲೆ ನಡೆದ ಪರೀಕ್ಷೆ. ಮರದ ತುದಿಗೆ ಇದನ್ನು ಹೇಗೆ ಒಯ್ಯುವುದು ಎಂಬುದೇ ನಮ್ಮ ಪ್ರಶ್ನೆ.

ಇದಕ್ಕೆ ಎರಡು ಬಗೆಯ ಸಾಕ್ಷ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಮೊದಲನೆಯದು ಆಪತ್ತು ಕಳೆದ ಮೇಲಿನ ಅಭ್ಯಾಸ. ಶೆರ್ಲಿ ಟೆಲ್ಲಿಸ್ ಮತ್ತು ಸಂಗಡಿಗರು 2004ರ ಸುನಾಮಿಗೆ ಸಿಕ್ಕ ಅಂಡಮಾನ್ ನಿವಾಸಿಗಳಲ್ಲಿ, ಮುಂದೆ ಬಿಹಾರದ ನೆರೆ ಸಂತ್ರಸ್ತರಲ್ಲಿ ಒಂದು ವಾರದ ಯೋಗದ ಪರಿಣಾಮ ನೋಡಿದರು. ಅಂಡಮಾನಿನಲ್ಲಿ ಭಯ, ಆತಂಕ, ನಿದ್ರಾಭಂಗಗಳು ತಗ್ಗಿದವು. ಬಿಹಾರದಲ್ಲಿ ಯೋಗ ಮಾಡಿದವರ ದುಃಖ ಇಳಿಯಿತು, ಮಾಡದವರ ಆತಂಕ ಏರಿತು. ಆದರೆ ಅಲ್ಲಿದ್ದವರು 22 ಮಂದಿ ಮಾತ್ರ. ಎರಡನೆಯದು ಆಪತ್ತಿಗೆ ಮುನ್ನ, ಕೆಲಸದ ಭಾಗವಾಗಿ ನಡೆದ ಅಭ್ಯಾಸ. ಅಮಿಶಿ ಝಾ ತಂಡ 2010ರಲ್ಲಿ ವರದಿ ಮಾಡಿದಂತೆ, ಯುದ್ಧಕ್ಕೆ ತೆರಳಲಿದ್ದ ಅಮೆರಿಕದ ಸೈನಿಕರಲ್ಲಿ ಮೈಂಡ್‌ಫುಲ್‌ನೆಸ್ ಧ್ಯಾನವನ್ನು ಹೆಚ್ಚು ಅಭ್ಯಾಸ ಮಾಡಿದವರ ಕಾರ್ಯಸ್ಮೃತಿ ಕುಂದಲಿಲ್ಲ, ಕಡಿಮೆ ಮಾಡಿದವರದು ಕುಂದಿತು. 2014ರ ಇನ್ನೊಂದು ಅಧ್ಯಯನದಲ್ಲಿ ಇಂಥದೇ ತರಬೇತಿ ಪಡೆದ ತುಕಡಿಗಳವರ ಹೃದಯಬಡಿತ, ಉಸಿರಾಟಗಳು ಕಠಿಣ ಕವಾಯತಿನ ನಂತರ ಬೇಗ ಸ್ಥಿಮಿತಕ್ಕೆ ಬಂದವು. ಒತ್ತಡವನ್ನು ಹಂತಹಂತವಾಗಿ ಉಣಿಸಿ ಅದಕ್ಕೆ ಒಗ್ಗಿಸುವ ತರಬೇತಿಯ 37 ಅಧ್ಯಯನಗಳನ್ನು ಒಟ್ಟುಗೂಡಿಸಿದ 1996ರ ವಿಶ್ಲೇಷಣೆಯೂ ಆತಂಕ ಇಳಿಯುವುದನ್ನು, ಕೆಲಸದ ಗುಣ ಏರುವುದನ್ನು ತೋರಿಸಿತು. ಮೊದಲ ಬಗೆ ನೊಂದವರಿಗೆ ಸಾಂತ್ವನ ಕೊಡುತ್ತದೆ. ಕೊನೆಗಾರನಿಗೆ ಬೇಕಾದದ್ದು ಎರಡನೆಯದು. ತೋಟದ ಕೆಲಸ ಮುಗಿಸಿ ಬಂದವನಿಗೆ ಸಂಜೆ ಸಭಾಭವನದಲ್ಲಿ ಕಲಿಸಿದ ಪ್ರಾಣಾಯಾಮ ಮರದ ಮೇಲೆ ತಾನಾಗಿ ನೆನಪಿಗೆ ಬರುತ್ತದೆ ಎನ್ನಲು ಆಧಾರವಿಲ್ಲ.

ಇಲ್ಲೊಂದು ಆಕ್ಷೇಪ ಸಹಜ: ಕೊನೆಗಾರನಿಗೆ ಇದನ್ನು ಹೊಸದಾಗಿ ಕಲಿಸುವುದೇನಿದೆ? ಎಳವೆಯಿಂದ ಗಿಡ್ಡ ಮರ ಹತ್ತಿ, ಹಿರಿಯರ ಹಿಂದೆ ತಿರುಗಿ ಪಳಗಿದವನಿಗೆ ಮನಸ್ಸಿನ ಸ್ಥೈರ್ಯವೂ ಮೈಗೂಡಿರುತ್ತದೆ. ಈ ಮಾತಿನಲ್ಲಿ ಸತ್ಯವಿದೆ. ಹಂತಹಂತವಾಗಿ ಒಗ್ಗಿಸುವ ತರಬೇತಿಯ ತತ್ತ್ವವೂ ಇದೇ. ಆದರೆ ನಮ್ಮ ಕಣ್ಣಿಗೆ ಬೀಳುವವರು ಉಳಿದುಕೊಂಡವರು ಮಾತ್ರ. ಬಿದ್ದು ಬೆನ್ನುಮೂಳೆ ಮುರಿದುಕೊಂಡವರು, ಹೆದರಿ ಕೆಲಸ ಬಿಟ್ಟವರು ಆ ಲೆಕ್ಕಕ್ಕೆ ಬರುವುದಿಲ್ಲ. ಮೇಲಾಗಿ ಆ ಗುರುಕುಲವೇ ಕಳಚುತ್ತಿದೆ. ಮಕ್ಕಳು ಈ ಕೆಲಸಕ್ಕೆ ಬಾರದಿರುವುದು ಒಳ್ಳೆಯದೇ. ಆ ಜಾಗಕ್ಕೆ ಅಲ್ಪಾವಧಿ ಶಿಬಿರಗಳು ಬಂದಿವೆ. ಕೇರಳದಲ್ಲಿ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ತೆಂಗಿನಮರ ಹತ್ತುವವರ ತರಬೇತಿ ಆರಂಭಿಸಿ ಅದಕ್ಕೆ ವಿಮೆಯನ್ನೂ ಜೋಡಿಸಿತು. ಅಡಿಕೆಯಲ್ಲೂ ವಿಟ್ಲದಲ್ಲಿ ಕೌಶಲ ಶಿಬಿರಗಳು ನಡೆದಿವೆ. ಹತ್ತಾರು ವರ್ಷಗಳಲ್ಲಿ ಮೌನವಾಗಿ ಮೈಗೂಡುತ್ತಿದ್ದುದನ್ನು ಕೆಲವೇ ದಿನಗಳಲ್ಲಿ ಕೊಡಬೇಕಾದಾಗ ಅದನ್ನು ಬಿಡಿಸಿ ಹೇಳಲೇಬೇಕಾಗುತ್ತದೆ.

ಇನ್ನೆರಡು ಆಕ್ಷೇಪಗಳು ಹೆಚ್ಚು ಗಟ್ಟಿಯಾದವು. ಫೈಬರ್ ದೋಟಿ ಬಂದಮೇಲೆ ನೆಲದಲ್ಲೇ ನಿಂತು ಔಷಧಿ ಹೊಡೆಯಬಹುದು, ಮರ ಹತ್ತುವ ಚರ್ಚೆಯೇ ಹಳತು ಎಂಬುದು ಒಂದು. ಅಪಾಯವನ್ನು ಬೇರಿನಲ್ಲೇ ತೆಗೆಯುವ ದಾರಿ ಎಂದಿಗೂ ಮೇಲು. ದೋಟಿ ಸಾಧ್ಯವಿರುವಲ್ಲಿ ಅದೇ ಮೊದಲ ಆಯ್ಕೆಯಾಗಬೇಕು. ಆದರೂ ಮರಗಳ ಎತ್ತರ, ತೋಟದ ಇಳಿಜಾರು, ಸಲಕರಣೆಯ ಬೆಲೆ ಇವುಗಳಿಂದಾಗಿ ಹತ್ತುವ ಕೆಲಸ ಪೂರ್ತಿ ನಿಂತಿಲ್ಲ. ದೋಟಿ ಹಿಡಿದವನ ಕತ್ತು–ಭುಜಗಳ ಮೇಲೆ ಬೀಳುವ ಭಾರವೂ ಸಣ್ಣದಲ್ಲ. ಇನ್ನೊಂದು ನೈತಿಕ ಆಕ್ಷೇಪ: ಉಸಿರಾಟ ಕಲಿಸಿ, ಸೊಂಟಪಟ್ಟಿ ಕೊಡದೆ, ಬಿದ್ದರೆ ಮನಸ್ಸು ಗಟ್ಟಿಯಿರಲಿಲ್ಲ ಎಂದು ಕಾರ್ಮಿಕನನ್ನೇ ದೂರುವ ಅಪಾಯ. ಇದನ್ನು ತಳ್ಳಿಹಾಕಲಾಗದು. ಅದಕ್ಕೇ ಬೇಡವೆನ್ನುವ ಅಧಿಕಾರವನ್ನು ತರಬೇತಿಯ ಒಳಗಿನ ಪಾಠವಾಗಿ ಪರಿಗಣಿಸಬೇಕು. ಗಾಳಿ ಎದ್ದಾಗ, ಕೈ ಸೋತಾಗ ಇಳಿಯುವ ನಿರ್ಧಾರ ಕೊನೆಗಾರನದು. ಅದಕ್ಕೆ ಕೂಲಿ ಕಡಿತವಾಗಬಾರದು. ಇಳಿಯುವ ಹಕ್ಕಿಲ್ಲದವನಿಗೆ ತನ್ನ ದಣಿವನ್ನು ಗುರುತಿಸುವ ಜಾಣ್ಮೆಯಿಂದ ಪ್ರಯೋಜನವಿಲ್ಲ.

ಹಾಗಾದರೆ ಪಾಠದಲ್ಲಿ ಏನಿರಬೇಕು? ಮೊದಲ ಹಂತ ನೆಲದಲ್ಲಿ: ಉಸಿರನ್ನು ನಿಧಾನಗೊಳಿಸಿ, ಬಿಡುವ ಉಸಿರನ್ನು ಉದ್ದವಾಗಿಸುವುದು. ಎರಡನೆಯದು ಎರಡಾಳೆತ್ತರದಲ್ಲಿ, ಸೊಂಟಪಟ್ಟಿ ಕಟ್ಟಿಕೊಂಡು, ನಿಂತು ಹಿಡಿತ–ತಳೆ–ಪಕ್ಕದ ಮರ ಈ ಮೂರನ್ನೂ ಸರದಿಯಲ್ಲಿ ಗಮನಿಸುವುದು. ಮೂರನೆಯದು ಪ್ರತಿ ದಾಟಿಗೂ ಮುನ್ನ ಎರಡು ನಿಧಾನ ಉಸಿರಿನಷ್ಟು ಹೊತ್ತು ನಿಲ್ಲುವುದು. ಉಸಿರು ಕಟ್ಟುವ ಕುಂಭಕ, ಬಿರುಸಿನ ಕಪಾಲಭಾತಿಗಳನ್ನು ಮರದ ಮೇಲೆ ಖಂಡಿತ ಮಾಡಿಸಬಾರದು. ವೇಗದ ಉಸಿರಿನಿಂದ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ಮಿದುಳಿನ ರಕ್ತನಾಳಗಳು ಕುಗ್ಗಿ ತಲೆ ಸುತ್ತುತ್ತದೆ. ಸೈನಿಕರ ಮೇಲಿನ ಫಲಿತಾಂಶ ಕೊನೆಗಾರನಿಗೂ ಹಾಗೆಯೇ ಅನ್ವಯಿಸುತ್ತದೆ ಎಂದು ಈ ಲೇಖನ ಹೇಳುತ್ತಿಲ್ಲ; ಅದನ್ನು ಇಲ್ಲೇ ಪರೀಕ್ಷಿಸಬೇಕು. ಸಾಗರ ಸೀಮೆಯ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಎರಡೂ ಕೈಜೋಡಿಸಿದರೆ ಒಂದು ತಂಡಕ್ಕೆ ಸಾಮಾನ್ಯ ಶಿಬಿರ, ಇನ್ನೊಂದಕ್ಕೆ ಮೇಲಿನ ಪಾಠ ಸೇರಿದ ಶಿಬಿರ ಕೊಟ್ಟು ಒಂದು ಮಳೆಗಾಲ ಪೂರ್ತಿ ಅನುಸರಿಸಬಹುದು. ಅಳೆಯಬೇಕಾದದ್ದು ಇಳಿದ ಮೇಲೆ ಹೃದಯಬಡಿತ ಸ್ಥಿಮಿತಕ್ಕೆ ಬರುವ ವೇಗ, ಜಾರಿದ ಆದರೆ ಬೀಳದ ಸಂದರ್ಭಗಳು, ಕೆಲಸ ನಿಲ್ಲಿಸಿ ಇಳಿದ ಸಂದರ್ಭಗಳು. ಈ ಕೊನೆಯ ಸಂಖ್ಯೆ ಏರಿದರೆ ಅದನ್ನು ತರಬೇತಿಯ ಸೋಲೆಂದು ಬರೆಯದೆ ಗೆಲುವೆಂದು ದಾಖಲಿಸುವ ಅಧ್ಯಯನ ಮಾತ್ರ ಈ ಕೆಲಸವನ್ನು ಸರಿಯಾಗಿ ಅರ್ಥಮಾಡಿಕೊಂಡಂತೆ.