ಅನಿಮೇಷನ್ ಹೇಗೆ ಕೆಲಸ ಮಾಡುತ್ತದೆ? ಮನೆಯ ಕಂಪ್ಯೂಟರಿನಲ್ಲೇ ಮೊದಲ ಪ್ರಯೋಗ

ಪರದೆಯ ಮೇಲೆ ಓಡುವ ಕಾರ್ಟೂನ್ ಬೆಕ್ಕು ನಿಜವಾಗಿ ಓಡುವುದಿಲ್ಲ. ಒಂದರ ಹಿಂದೆ ಒಂದು ಬರುವ ನಿಶ್ಚಲ ಚಿತ್ರಗಳನ್ನು ನಮ್ಮ ಕಣ್ಣು ಮತ್ತು ಮಿದುಳು ಸೇರಿ ಚಲನೆ ಅಂತ ತಿಳಿದುಕೊಳ್ಳುತ್ತವೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಒಂದೊಂದು ಚಿತ್ರವೂ ಒಂದು ಫ್ರೇಮ್. ಕೈಯಲ್ಲಿ ಬಿಡಿಸುವವರು ಎಷ್ಟೋ ಸಲ 12 ಚಿತ್ರ ಮಾತ್ರ ಬಿಡಿಸಿ, ಪ್ರತಿಯೊಂದನ್ನೂ ಎರಡು ಫ್ರೇಮ್ ತೋರಿಸುತ್ತಾರೆ.

ಕಂಪ್ಯೂಟರ್ ಬಂದ ಮೇಲೆ ಎಲ್ಲಾ ಚಿತ್ರವನ್ನೂ ನಾವೇ ಬಿಡಿಸಬೇಕಾಗಿಲ್ಲ. ವಸ್ತು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಬೇಕು ಎಂದು ಗುರುತು ಹಾಕಿದರೆ ಸಾಕು, ನಡುವಿನದ್ದನ್ನು ಅದೇ ತುಂಬುತ್ತದೆ. ಈ ಗುರುತಿಗೆ ಕೀಫ್ರೇಮ್ ಅನ್ನುತ್ತಾರೆ. ಆದರೆ ಯಾವಾಗ ವೇಗ, ಯಾವಾಗ ನಿಧಾನ ಎಂಬುದನ್ನು ಕಂಪ್ಯೂಟರಿಗೇ ಬಿಟ್ಟರೆ ಕೆಲಸ ಕೆಡುತ್ತದೆ.

ಬ್ಲೆಂಡರ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ನೋಡೋಣ. ಒಂದು ಚಿಕ್ಕ ಗೋಲ ತೆಗೆದುಕೊಳ್ಳಿ. 1ನೇ ಫ್ರೇಮ್‌ನಲ್ಲಿ ಅದನ್ನು ಮೇಲಿಟ್ಟು 'ಐ' ಕೀ ಒತ್ತಿ, ಅದರ ಸ್ಥಾನಕ್ಕೆ ಕೀಫ್ರೇಮ್ ಹಾಕಿ. 13ರಲ್ಲಿ ನೆಲಕ್ಕೆ ತಾಗಿಸಿ, 25ರಲ್ಲಿ ಪುನಃ ಮೇಲೆ ತನ್ನಿ. ಓಡಿಸಿ ನೋಡಿದರೆ ಚೆಂಡು ಹತ್ತಿಯ ಹಾಗೆ ನಿಧಾನಕ್ಕೆ ನೆಲ ಮುಟ್ಟುತ್ತದೆ! ನಿಜವಾದ ಚೆಂಡು ಅರ್ಧ ಸೆಕೆಂಡಿನಲ್ಲಿ ಸುಮಾರು 1.2 ಮೀಟರ್ ಬೀಳುತ್ತದೆ. ಆ ಸಮಯದ ಮೊದಲ ಅರ್ಧದಲ್ಲಿ ಬೀಳುವುದು ಬರೀ 30 ಸೆಂಟಿಮೀಟರ್, ಉಳಿದ 90 ಕೊನೆಯ ಅರ್ಧದಲ್ಲಿ. ಹಾಗಾಗಿ ಗ್ರಾಫ್ ಎಡಿಟರ್‌ಗೆ ಹೋಗಿ, ನೆಲಕ್ಕೆ ತಾಗುವ ಕೀಫ್ರೇಮ್ ಆಯ್ದು, 'ವಿ' ಒತ್ತಿ 'ವೆಕ್ಟರ್' ಆರಿಸಿ. ಚೆಂಡಿಗೆ ಕೂಡಲೇ ತೂಕ ಬಂದ ಹಾಗೆ ಕಾಣುತ್ತದೆ. ಅನಿಮೇಷನ್ ಕಲಿಸುವವರು ಚೆಂಡಿನಿಂದಲೇ ಶುರು ಮಾಡಿಸುವುದು ಇದಕ್ಕೇ.

ತೂಗುವ ದೀಪದ್ದು ಬೇರೆ ಲೆಕ್ಕ. ಹಬ್ಬಕ್ಕೆ ಫಾರ್ವರ್ಡ್ ಬಂದ ವಿಡಿಯೋವನ್ನೇ ಪುನಃ ಕಳಿಸುವ ಬದಲು ನೀವೇ ಒಂದು ಫಾನೂಸ್ ತೂಗಿಸಬಹುದಲ್ಲ? ತಿರುಗುವ ಬಿಂದು ಹಗ್ಗದ ಮೇಲ್ತುದಿಯಲ್ಲಿರಲಿ. 1ರಲ್ಲಿ ಎಡಕ್ಕೆ, 25ರಲ್ಲಿ ಬಲಕ್ಕೆ, 49ರಲ್ಲಿ ಪುನಃ ಎಡಕ್ಕೆ ವಾಲಿಸಿ ಕೀಫ್ರೇಮ್ ಹಾಕಿ. ಒಂದು ಮೀಟರ್ ಉದ್ದದ ಹಗ್ಗಕ್ಕೆ ಈ ವೇಗ ಸರಿಹೊಂದುತ್ತದೆ. ತುದಿಗಳಲ್ಲಿ ನಿಧಾನ, ನಡುವೆ ವೇಗ ಬೇಕಾಗಿರುವುದರಿಂದ ಇಲ್ಲಿ ಬ್ಲೆಂಡರ್ ತಾನಾಗಿ ಕೊಡುವ ಚಲನೆಯೇ ಸಾಕು.

ಉಚಿತ ಅಂದ ಕೂಡಲೇ ಕಳಪೆ ಅಂದುಕೊಳ್ಳಬೇಡಿ. 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಗೆದ್ದ ಲಾಟ್ವಿಯಾದ 'ಫ್ಲೋ' ತಯಾರಾದದ್ದು ಬ್ಲೆಂಡರ್‌ನಲ್ಲೇ. ಅದರಲ್ಲಿ ಒಂದೇ ಒಂದು ಮಾತಿಲ್ಲ. ಬೆಕ್ಕಿನ ಹೆದರಿಕೆ, ಧೈರ್ಯ ಎಲ್ಲಾ ನಡಿಗೆಯಲ್ಲೇ ಗೊತ್ತಾಗುತ್ತದೆ. ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ಕೈಯಲ್ಲಿ ಬಿಡಿಸುವ ಪೆನ್ಸಿಲ್2ಡಿ, ಮೊಬೈಲ್ ಮಾತ್ರ ಇದ್ದರೆ ಫ್ಲಿಪಾಕ್ಲಿಪ್ ಸಾಕು.

ದೀಪದ ವಿಡಿಯೋ ಮಾಡುವಾಗ ಕೊನೆಯ ಫ್ರೇಮ್ 48 ಎಂದೇ ಇಡಿ. 49 ಮತ್ತು 1 ಒಂದೇ ಚಿತ್ರ. ಎರಡನ್ನೂ ಸೇರಿಸಿದರೆ ಪ್ರತಿ ಸುತ್ತಿಗೂ ದೀಪ ಒಂದು ಕ್ಷಣ ತಡವರಿಸುತ್ತದೆ.